ಕೆ. ಎಸ್. ಹೆಗ್ಡೆ: ಸಂಸತ್ತಿನಿಂದ ನ್ಯಾಯಪೀಠಕ್ಕೆ, ಮತ್ತೆ ಸಂಸತ್ತಿಗೆ

ಕಾಟಿಪಳ್ಳದಲ್ಲಿ ಮನೆ ಎಲ್ಲಿ ಎಂದು ಕೇಳಿದರೆ ಇವತ್ತಿಗೂ ಬ್ಲಾಕಿನ ನಂಬರು ಹೇಳುತ್ತಾರೆ. ನವಮಂಗಳೂರು ಬಂದರಿಗಾಗಿ ಪಣಂಬೂರು ಕಡೆಯ ಮನೆ, ಗದ್ದೆ ಬಿಟ್ಟು ಎದ್ದುಬಂದವರಿಗೆ ಕಟ್ಟಿಕೊಟ್ಟ ಪುನರ್ವಸತಿ ಊರು ಇದು. ಸರಕಾರದ ಕೈ ಎಲ್ಲಿಯವರೆಗೆ ಚಾಚಬಹುದು ಎಂಬುದು ಇಲ್ಲಿನವರಿಗೆ ಪುಸ್ತಕದ ಪ್ರಶ್ನೆಯಲ್ಲ. 1973ರಲ್ಲಿ ಅಂಥದ್ದೇ ಪ್ರಶ್ನೆಗೆ ಉತ್ತರ ಬರೆದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳಲ್ಲಿ ಒಬ್ಬರು ನಮ್ಮ ಕರಾವಳಿಯವರು, ಕೌಡೂರು ಸದಾನಂದ ಹೆಗ್ಡೆ.

ವಕೀಲಿಕೆ, ರಾಜ್ಯಸಭೆ

ಹೆಗ್ಡೆಯವರು ಹುಟ್ಟಿದ್ದು 1909ರ ಜೂನ್ 11ರಂದು, ಕಾರ್ಕಳ ತಾಲೂಕಿನ ಕೌಡೂರಿನಲ್ಲಿ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಓದಿ, ಮದ್ರಾಸಿನಲ್ಲಿ ಕಾನೂನು ಕಲಿತು, ಊರಿಗೆ ಬಂದು ವಕೀಲರಾದರು. ಸರಕಾರಿ ವಕೀಲರೂ ಆಗಿದ್ದರು. ದಕ್ಷಿಣ ಕನ್ನಡ ಆಗ ಮದ್ರಾಸ್ ರಾಜ್ಯದಲ್ಲಿತ್ತು; 1952ರಲ್ಲಿ ಆ ರಾಜ್ಯದಿಂದಲೇ ಕಾಂಗ್ರೆಸ್ ಸದಸ್ಯರಾಗಿ ರಾಜ್ಯಸಭೆಗೆ ಹೋದರು.

1957ರಲ್ಲಿ ಮೈಸೂರು ಹೈಕೋರ್ಟಿನ ನ್ಯಾಯಮೂರ್ತಿಯಾದರು. ಪಕ್ಷದವರು ಜಡ್ಜ್ ಆದರೆ ಸರಕಾರದ ಪರವೇ ಇರುತ್ತಾರೆ ಎಂಬ ಗುಮಾನಿ ಅಂದೂ ಇತ್ತು, ಇಂದೂ ಇದೆ. ಹೆಗ್ಡೆಯವರ ವಿಷಯದಲ್ಲಿ ಅದು ತಲೆಕೆಳಗಾಯಿತು. 1966ರಲ್ಲಿ ಹೊಸದಾಗಿ ಆರಂಭವಾದ ದೆಹಲಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿ, ಮರುವರ್ಷ ಸುಪ್ರೀಂ ಕೋರ್ಟಿಗೆ ಬಂದರು. 1970ರಲ್ಲಿ ಬ್ಯಾಂಕ್ ರಾಷ್ಟ್ರೀಕರಣ, ಮಾಜಿ ಅರಸರ ರಾಜಧನ ರದ್ದತಿ ಎರಡೂ ಮೊಕದ್ದಮೆಗಳಲ್ಲಿ ಸರಕಾರ ಸೋತಿತು. ಎರಡರಲ್ಲೂ ಅವರು ಬಹುಮತದ ಜೊತೆಗಿದ್ದರು.

ಎಡನೀರಿನ ಮೊಕದ್ದಮೆ

ಕೇರಳದ ಭೂಸುಧಾರಣಾ ಕಾನೂನಿನ ವಿರುದ್ಧ ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿ ಕೋರ್ಟಿಗೆ ಹೋಗಿದ್ದರು. 1956ರವರೆಗೆ ಕಾಸರಗೋಡೂ ದಕ್ಷಿಣ ಕನ್ನಡದ್ದೇ. ಅಂದರೆ ದೇಶದ ಅತಿ ದೊಡ್ಡ ಸಂವಿಧಾನ ವ್ಯಾಜ್ಯದಲ್ಲಿ ಅರ್ಜಿದಾರರೂ ಪೀಠದ ಒಬ್ಬ ನ್ಯಾಯಮೂರ್ತಿಯೂ ಒಂದೇ ಹಳೆಯ ಜಿಲ್ಲೆಯವರು!

ಹದಿಮೂರು ನ್ಯಾಯಮೂರ್ತಿಗಳು 68 ದಿನ ವಾದ ಕೇಳಿದರು. 1973ರ ಏಪ್ರಿಲ್ 24ರಂದು 7-6ರ ಬಹುಮತದಲ್ಲಿ ತೀರ್ಪು ಬಂತು: ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ. ಏಳರಲ್ಲಿ ಹೆಗ್ಡೆ ಒಬ್ಬರು. ಸಹ ನ್ಯಾಯಮೂರ್ತಿ ಮುಖರ್ಜಿಯವರೊಡನೆ ಜಂಟಿ ತೀರ್ಪು ಬರೆದರು. ಮಠದ ಜಮೀನು ಇದರಿಂದ ಉಳಿಯಲಿಲ್ಲ, ಉಳಿದದ್ದು ತತ್ತ್ವ. 1989ರಲ್ಲಿ ಬಾಂಗ್ಲಾದೇಶದ ಸುಪ್ರೀಂ ಕೋರ್ಟೂ ಅದನ್ನು ಒಪ್ಪಿಕೊಂಡಿತು.

ತಪ್ಪಿದ ಹುದ್ದೆ

ಮರುದಿನವೇ ಆಕಾಶವಾಣಿಯಲ್ಲಿ ಸುದ್ದಿ: ಎ. ಎನ್. ರೇ ಮುಂದಿನ ಮುಖ್ಯ ನ್ಯಾಯಮೂರ್ತಿ. ಸೇವಾ ಹಿರಿತನದಲ್ಲಿ ಅವರಿಗಿಂತ ಮೇಲಿದ್ದವರು ಶೆಲತ್, ಹೆಗ್ಡೆ, ಗ್ರೋವರ್. ಮೂವರೂ ಸರಕಾರದ ವಿರುದ್ಧ ತೀರ್ಪು ಕೊಟ್ಟವರು, ಮೂವರೂ ರಾಜೀನಾಮೆ ಕೊಟ್ಟರು. ಶೆಲತ್ ಜುಲೈಯಲ್ಲಿ ನಿವೃತ್ತರಾಗುವವರಿದ್ದರು. ಸರತಿ ತಪ್ಪದಿದ್ದರೆ 1974ರ ಜೂನ್‌ವರೆಗೆ ಆ ಪೀಠ ಹೆಗ್ಡೆಯವರದಾಗುತ್ತಿತ್ತು.

ಮತ್ತೆ ಸಂಸತ್ತು

ತುರ್ತು ಪರಿಸ್ಥಿತಿಯ ನಂತರದ 1977ರ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ ಕಾಂಗ್ರೆಸ್ 26 ಗೆದ್ದಿತು. ಜನತಾ ಪಕ್ಷಕ್ಕೆ ಸಿಕ್ಕ ಎರಡರಲ್ಲಿ ಒಂದು ಬೆಂಗಳೂರು ದಕ್ಷಿಣ, ಗೆದ್ದವರು ಹೆಗ್ಡೆ. ಲೋಕಸಭೆಯ ಸ್ಪೀಕರ್ ಆಗಿದ್ದ ಸಂಜೀವ ರೆಡ್ಡಿ ರಾಷ್ಟ್ರಪತಿಯಾಗಲು ಹೊರಟಾಗ, ಜುಲೈಯಲ್ಲಿ ಹೆಗ್ಡೆಯವರು ಆ ಸ್ಥಾನಕ್ಕೆ ಬಂದರು. 1980ರ ಜನವರಿವರೆಗೆ ಇದ್ದರು.

ಊರಿನಲ್ಲಿ

1979ರಲ್ಲಿ ಅವರು ನಿಟ್ಟೆ ವಿದ್ಯಾಸಂಸ್ಥೆಯನ್ನು ಹುಟ್ಟುಹಾಕಿದರು. ಮಗ ಸಂತೋಷ್ ಹೆಗ್ಡೆ ಮುಂದೆ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾದರು. ಲೋಕಾಯುಕ್ತರಾಗಿ 2011ರಲ್ಲಿ ಕೊಟ್ಟ ಗಣಿ ವರದಿ ನಾಡಿಗೇ ಗೊತ್ತು. ತಂದೆ 1990ರಲ್ಲಿ ತೀರಿಕೊಂಡರು. ದೇರಳಕಟ್ಟೆಯ ವೈದ್ಯಕೀಯ ಕಾಲೇಜಿಗೆ ಅವರದೇ ಹೆಸರು. ಕಾಟಿಪಳ್ಳದಿಂದ ಹೋಗುವ ರೋಗಿಗೆ ಅದು ಬರೀ ‘ಹೆಗ್ಡೆ ಆಸ್ಪತ್ರೆ’.