ಮನದ ದುಃಖವನ್ನು ದೇಹ ನುಡಿದಾಗ: ಬಲ್ಖ್‌ನಿಂದ ಬೆಂಗಳೂರಿನವರೆಗೆ

ಪ್ರೀತಿಯ ಮಗ ಯೂಸುಫ್(ಅ)ರನ್ನು ಕಳೆದುಕೊಂಡ ಪ್ರವಾದಿ ಯಾಕೂಬ್(ಅ)ರ ನೋವನ್ನು ಪವಿತ್ರ ಕುರ್‌ಆನಿನ 12ನೇ ಅಧ್ಯಾಯ ಹೃದಯ ಕಲಕುವಂತೆ ವಿವರಿಸುತ್ತದೆ. ದುಃಖವನ್ನು ಒಳಗೊಳಗೇ ನುಂಗಿಕೊಂಡ ಆ ತಂದೆಯ ಕಣ್ಣುಗಳು ಬೆಳ್ಳಗಾದವೆಂದು 84ನೇ ಸೂಕ್ತ ತಿಳಿಸುತ್ತದೆ. ಕಣ್ಣಿಗೆ ಬಿದ್ದ ಪೆಟ್ಟನ್ನಾಗಲಿ, ಬೇರೊಂದು ರೋಗವನ್ನಾಗಲಿ ಕುರ್‌ಆನ್ ಅಲ್ಲಿ ಹೇಳುವುದಿಲ್ಲ. ಅದು ಹೇಳುವ ಕಾರಣ ದುಃಖವೊಂದೇ. ಮುಂದಿನ ಸೂಕ್ತಗಳಲ್ಲಿ ಮನೆಯವರ ಪ್ರತಿಕ್ರಿಯೆಯೂ ಇದೆ. ಯೂಸುಫರನ್ನೇ ನೆನೆಯುತ್ತಾ ನೀವು ಕೃಶರಾಗಿ ಹೋಗುವಿರೆಂದು ಅವರು ತಂದೆಯನ್ನು ಆಕ್ಷೇಪಿಸಿದರು. ಯಾಕೂಬ್(ಅ)ರು ಮಾತ್ರ ತಮ್ಮ ಅಳಲನ್ನು ಅಲ್ಲಾಹನ ಮುಂದೆ ತೋಡಿಕೊಂಡರು. ಕೊನೆಗೆ ಮಗನ ಅಂಗಿಯನ್ನು ಮುಖದ ಮೇಲೆ ಹಾಕಿದಾಗ ಅವರಿಗೆ ದೃಷ್ಟಿ ಮರಳಿತು.

ಮನಸ್ಸಿನ ವ್ಯಥೆ ದೇಹದಲ್ಲಿ ಕಾಣಿಸಿಕೊಳ್ಳುತ್ತದೆ ಎಂಬ ಸತ್ಯವು ಈ ವೃತ್ತಾಂತದಲ್ಲಿದೆ. ಇಂದಿನ ನಮ್ಮ ಮನೆಗಳಲ್ಲಿಯೂ ಇದು ಅಪರೂಪವಲ್ಲ. ತಿಂಗಳುಗಟ್ಟಲೆ ಬಿಡದ ತಲೆನೋವು, ಎದೆ ಹಿಡಿದಂತಾಗುವುದು, ಹೊಟ್ಟೆ ಸಂಕಟ, ಕೈಕಾಲು ಜೋಮು, ಕಾರಣವಿಲ್ಲದ ಆಯಾಸ. ರಕ್ತಪರೀಕ್ಷೆ, ಇಸಿಜಿ, ಸ್ಕ್ಯಾನಿಂಗ್ ಎಲ್ಲವೂ ಆದ ಮೇಲೆ ವೈದ್ಯರು "ಏನೂ ಇಲ್ಲ" ಎನ್ನುತ್ತಾರೆ. ಆಗ ಮನೆಯವರು ಸಾಮಾನ್ಯವಾಗಿ ಎರಡರಲ್ಲಿ ಒಂದು ತೀರ್ಮಾನಕ್ಕೆ ಬರುತ್ತಾರೆ: ಒಂದೋ ಇದು ನಾಟಕ, ಇಲ್ಲವೇ ಇದು ನಜರ್ ಅಥವಾ ಮಾಟ. ನೋವು ಅನುಭವಿಸುತ್ತಿರುವವರು ಈ ಎರಡರ ನಡುವೆ ಒಂಟಿಯಾಗುತ್ತಾರೆ. ಅವರಲ್ಲಿ ಹೆಚ್ಚಿನವರು ನಮ್ಮ ತಾಯಂದಿರು, ಸೊಸೆಯಂದಿರು, ಮದುವೆಯ ವಯಸ್ಸಿಗೆ ಬಂದ ಹೆಣ್ಣುಮಕ್ಕಳು. ಆದರೆ ನೋವೂ ನಿಜ, ಅದರ ಬೇರು ಮನಸ್ಸಿನಲ್ಲಿರುವುದೂ ಸಾಧ್ಯ ಎಂಬ ಮೂರನೆಯ ತಿಳಿವಳಿಕೆಯೊಂದಿದೆ. ಅದು ಪರಕೀಯವಾದುದಲ್ಲ, ಮುಸ್ಲಿಮ್ ವಿದ್ವಾಂಸರು ಸಾವಿರದ ನೂರು ವರ್ಷಗಳ ಹಿಂದೆಯೇ ಅದನ್ನು ಬರೆದಿಟ್ಟಿದ್ದಾರೆ.

ಅವರಲ್ಲಿ ಪ್ರಮುಖರು ಅಬೂ ಝೈದ್ ಅಲ್-ಬಲ್ಖೀ. ಇಂದಿನ ಅಫ್ಘಾನಿಸ್ತಾನದ ಬಲ್ಖ್ ಪ್ರಾಂತದ ಹಳ್ಳಿಯೊಂದರಲ್ಲಿ ಕ್ರಿ.ಶ. 850ರ ಸುಮಾರಿಗೆ ಜನಿಸಿದ ಅವರು ಮೊದಲು ಮಕ್ಕಳಿಗೆ ಪಾಠ ಹೇಳುವ ಉಸ್ತಾದರಾಗಿದ್ದರು. ಬಳಿಕ ಇರಾಕಿಗೆ ತೆರಳಿ ತತ್ವಜ್ಞಾನಿ ಅಲ್-ಕಿಂದಿಯವರ ಶಿಷ್ಯರಾದರು. 934ರಲ್ಲಿ ನಿಧನರಾದ ಅವರ 'ಮಸಾಲಿಹುಲ್ ಅಬ್ದಾನ್ ವಲ್ ಅನ್‌ಫುಸ್' ಎಂಬ ಗ್ರಂಥದ ಹೆಸರೇ ದೇಹಗಳ ಮತ್ತು ಆತ್ಮಗಳ ಹಿತ ಎಂಬ ಅರ್ಥದ್ದು. ಗ್ರಂಥದ ಮೊದಲ ಭಾಗ ದೇಹದ ಆರೋಗ್ಯಕ್ಕೆ ಮೀಸಲು. ಎಂಟು ಅಧ್ಯಾಯಗಳ ಎರಡನೆಯ ಭಾಗ ಮನಸ್ಸಿನ ಆರೋಗ್ಯಕ್ಕೆ ಮೀಸಲು. ಕೋಪ, ಭಯ, ದುಃಖ, ಬಿಡದೆ ಕಾಡುವ ದುರಾಲೋಚನೆ (ವಸ್ವಾಸ್) ಇವುಗಳನ್ನು ಅವರು ಬೇರೆ ಬೇರೆಯಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಉಪಾಯ ಸೂಚಿಸಿದ್ದಾರೆ.

ಬಲ್ಖೀಯವರ ವಾದ ಸರಳವಾಗಿದೆ. ಮನುಷ್ಯನು ದೇಹ ಮತ್ತು ಆತ್ಮಗಳ ಕೂಡುವಿಕೆ. ದೇಹ ಕೆಟ್ಟರೆ ಮನಸ್ಸು ತನ್ನ ಕೆಲಸವನ್ನು ಸರಿಯಾಗಿ ಮಾಡಲಾರದು; ಮನಸ್ಸು ಕೆಟ್ಟರೆ ದೇಹ ಸುಖವನ್ನು ಕಳೆದುಕೊಂಡು ಕೊನೆಗೆ ತಾನೂ ರೋಗಕ್ಕೆ ಬೀಳಬಹುದು. ಆದ್ದರಿಂದ ದೇಹವನ್ನು ಮಾತ್ರ ನೋಡುವ ವೈದ್ಯಕೀಯ ಅಪೂರ್ಣವೆಂದು ಅವರು ಭಾವಿಸಿದರು. ದುಃಖದಲ್ಲಿಯೂ ಅವರು ಎರಡು ಬಗೆಯನ್ನು ಕಂಡರು: ಕಾರಣ ಗೊತ್ತಿರುವ ದುಃಖ ಮತ್ತು ಕಾರಣ ಗೊತ್ತಿಲ್ಲದೆ ಕವಿಯುವ ದುಃಖ. ಮೊದಲನೆಯದಕ್ಕೆ ವಿವೇಕದ ಮಾತು, ಸಾಂತ್ವನ. ಎರಡನೆಯದರ ಮೂಲ ದೇಹದಲ್ಲಿರಬಹುದಾದ್ದರಿಂದ ದೇಹಕ್ಕೂ ಚಿಕಿತ್ಸೆ. ಮನೆಯಲ್ಲಿ ಔಷಧಿಯನ್ನು ಮೊದಲೇ ತಂದಿಡುವಂತೆ, ನೆಮ್ಮದಿಯ ದಿನಗಳಲ್ಲಿಯೇ ಒಳ್ಳೆಯ ಆಲೋಚನೆಗಳನ್ನು ಕೂಡಿಡಬೇಕೆಂದು ಅವರು ಬೋಧಿಸಿದರು.

ಬಲ್ಖೀಯವರ ಸಮಕಾಲೀನರೇ ಆದ ಅಬೂಬಕ್ರ್ ಅರ್-ರಾಝೀ ರಯ್ ಮತ್ತು ಬಗ್ದಾದಿನ ಆಸ್ಪತ್ರೆಗಳ ಮುಖ್ಯಸ್ಥರಾಗಿದ್ದರು. ದೇಹದ ಸ್ಥಿತಿಯು ಮನಸ್ಸಿನ ಸ್ಥಿತಿಯನ್ನು ಅನುಸರಿಸುವುದರಿಂದ ವೈದ್ಯನು ರೋಗಿಯಲ್ಲಿ ಗುಣಮುಖನಾಗುವ ಭರವಸೆಯನ್ನು ತುಂಬಬೇಕೆಂಬುದು ಅವರ ಉಪದೇಶ. ನಂತರ ಬಂದ ಇಬ್ನ್ ಸೀನಾ (980–1037) ಒಂದು ಸುಂದರ ಉದಾಹರಣೆ ಕೊಟ್ಟರು. ನೆಲದ ಮೇಲಿಟ್ಟ ಹಲಗೆಯ ಮೇಲೆ ಯಾರು ಬೇಕಾದರೂ ನಡೆದು ಹೋಗುತ್ತಾರೆ. ಅದೇ ಹಲಗೆಯನ್ನು ಆಳವಾದ ಕಂದಕದ ಮೇಲೆ ಹಾಸಿದರೆ ಕಾಲು ನಡುಗುತ್ತದೆ. ಹಲಗೆ ಬದಲಾಗಿಲ್ಲ, ಕಾಲೂ ಬದಲಾಗಿಲ್ಲ. ಬೀಳುವ ಚಿತ್ರ ಮನಸ್ಸಿನಲ್ಲಿ ಮೂಡಿದೆ, ದೇಹ ಅದಕ್ಕೆ ವಿಧೇಯವಾಗಿದೆ. ಪ್ರೇಮದ ವ್ಯಥೆಯನ್ನು ಒಳಗೇ ಮುಚ್ಚಿಟ್ಟು ಕೃಶರಾದವರ ನಾಡಿ ಹಿಡಿದು, ಒಂದೊಂದೇ ಹೆಸರು ಹೇಳುತ್ತಾ, ನಾಡಿ ಏರುಪೇರಾದ ಕಡೆ ದುಃಖದ ಮೂಲವನ್ನು ಗುರುತಿಸುವ ವಿಧಾನವನ್ನೂ ಅವರು 'ಅಲ್-ಕಾನೂನ್'ನಲ್ಲಿ ಬರೆದಿದ್ದಾರೆ. ಬಾಯಿ ಹೇಳದ್ದನ್ನು ನಾಡಿ ಹೇಳುತ್ತದೆ ಎಂಬುದನ್ನು ಅವರು ಅರಿತಿದ್ದರು.

ಆಧುನಿಕ ವೈದ್ಯಶಾಸ್ತ್ರ ಈ ಸಂಬಂಧವನ್ನು ತನ್ನದೇ ಭಾಷೆಯಲ್ಲಿ ವಿವರಿಸುತ್ತದೆ. ಚಿಂತೆ, ಭಯಗಳು ಕಾಡಿದಾಗ ಅಡ್ರಿನಲಿನ್, ಕಾರ್ಟಿಸೋಲ್ ಮುಂತಾದ ಹಾರ್ಮೋನುಗಳು ಹೆಚ್ಚುತ್ತವೆ; ಎದೆಬಡಿತ ಏರುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಜೀರ್ಣಕ್ರಿಯೆ ತಪ್ಪುತ್ತದೆ. ಇದು ದೀರ್ಘಕಾಲ ಮುಂದುವರಿದರೆ ಸಣ್ಣ ಸಂವೇದನೆಯನ್ನೂ ಮಿದುಳು ದೊಡ್ಡ ನೋವಾಗಿ ಗ್ರಹಿಸಬಹುದು. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ಕೈಪಿಡಿಯನ್ನು ಪರಿಷ್ಕರಿಸಿದಾಗ ಮಹತ್ವದ ಬದಲಾವಣೆಯೊಂದನ್ನು ಮಾಡಿತು. ಪರೀಕ್ಷೆಯಲ್ಲಿ ಕಾರಣ ಸಿಗಲಿಲ್ಲ ಎಂಬುದೇ ಈ ಕಾಯಿಲೆಯ ಲಕ್ಷಣವಲ್ಲ. ದೇಹದ ತೊಂದರೆಯ ಸುತ್ತ ಮಿತಿಮೀರಿದ ಚಿಂತೆ, ಭಯ ಮತ್ತು ಓಡಾಟ ಸಾಮಾನ್ಯವಾಗಿ ಆರು ತಿಂಗಳಿಗೂ ಮೀರಿ ಬದುಕನ್ನು ಕೆಡಿಸುತ್ತಿರುವುದು ಲಕ್ಷಣ. ಹೃದ್ರೋಗ, ಸಕ್ಕರೆ ಕಾಯಿಲೆ ಇರುವವರಿಗೂ ಇದು ಬರಬಹುದು. ರೋಗಿ ಸುಳ್ಳು ಹೇಳುತ್ತಿದ್ದಾನೆಂಬ ಅನುಮಾನಕ್ಕೆ ಇಲ್ಲಿ ಎಡೆಯಿಲ್ಲ.

ಇನ್ನು ನಮ್ಮ ನಾಡಿನ ಇತಿಹಾಸಕ್ಕೆ ಬರೋಣ. ಬೆಂಗಳೂರಿನ ಮಾನಸಿಕ ಆಸ್ಪತ್ರೆ ಮೈಸೂರು ಸಂಸ್ಥಾನದ ಕಾಲದಿಂದಲೂ ಹೆಸರಾದುದು. 1954ರಲ್ಲಿ ಅದರ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು; 1974ರಲ್ಲಿ ಎರಡೂ ಒಂದಾಗಿ ನಿಮ್ಹಾನ್ಸ್ ಎನಿಸಿದವು. ಅಲ್ಲಿನ ಡಾ. ರಘುರಾಮ್, ಡಾ. ಚನ್ನಬಸವಣ್ಣ ಮತ್ತು ವಿದೇಶದ ಸಹೋದ್ಯೋಗಿಗಳು 80 ಹೊರರೋಗಿಗಳನ್ನು ಅಧ್ಯಯನ ಮಾಡಿ 1996ರಲ್ಲಿ ಪ್ರಕಟಿಸಿದ ಲೇಖನ ನಮ್ಮ ಸಮಾಜಕ್ಕೆ ಹಿಡಿದ ಕನ್ನಡಿಯಂತಿದೆ. ಖಿನ್ನತೆಯ ಲಕ್ಷಣಗಳು ಹೆಚ್ಚಿದ್ದವರಲ್ಲಿ ಲೋಕನಿಂದೆಯ ಭಯ ಹೆಚ್ಚಿತ್ತು. ದೈಹಿಕ ಲಕ್ಷಣಗಳು ಹೆಚ್ಚಿದ್ದವರಲ್ಲಿ ಆ ಭಯ ಕಡಿಮೆಯಿತ್ತು. ಮೈಕೈ ನೋವು ಎಲ್ಲರಿಗೂ ಬರುವಂಥದ್ದು, ಹೇಳಿಕೊಂಡರೆ ಮಾನ ಹೋಗುವುದಿಲ್ಲ. ಮನಸ್ಸು ಸರಿಯಿಲ್ಲವೆಂದರೆ ಮಾತ್ರ ಸಮಾಜದಲ್ಲಿ ನಷ್ಟವುಂಟು ಎಂದು ರೋಗಿಗಳು ಭಾವಿಸಿದ್ದರು.

ಇದರ ಅರ್ಥವನ್ನು ಆಲೋಚಿಸಿರಿ. ನಾವು ಕಿವಿಗೊಡುವ ಭಾಷೆಯಲ್ಲಿಯೇ ನೊಂದವರು ಮಾತನಾಡುತ್ತಾರೆ. ದುಃಖವನ್ನು ಕೇಳಲೊಲ್ಲದ ಮನೆಯಲ್ಲಿ ತಲೆನೋವಿಗೆ ಮಾತ್ರ ಉಪಚಾರ ದೊರೆಯುತ್ತದೆ. ನಮ್ಮ ಕನ್ನಡಕ್ಕೆ ಈ ಗುಟ್ಟು ಗೊತ್ತಿದೆ. ಕರುಳು ಕಿವುಚುವುದು, ಎದೆ ಭಾರವಾಗುವುದು, ಕೈಕಾಲು ಸೋಲುವುದು ಎಲ್ಲವೂ ಮನಸ್ಸಿನ ವಾರ್ತೆಗಳೇ. 'ಸಂಕಟ' ಎಂಬ ಒಂದೇ ಪದ ಹೊಟ್ಟೆಯ ತೊಂದರೆಗೂ ಬಾಳಿನ ಕಷ್ಟಕ್ಕೂ ಸಲ್ಲುತ್ತದೆ.

ನಿಮ್ಹಾನ್ಸ್ ಈ ತಿಳಿವಳಿಕೆಯನ್ನು ಆಸ್ಪತ್ರೆಯೊಳಗೇ ಇಟ್ಟುಕೊಳ್ಳಲಿಲ್ಲ. ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಹಳ್ಳಿಯ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಡುವ ಪ್ರಯೋಗ ನಡೆಯಿತು. 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಅದು ದೊಡ್ಡ ಪ್ರಮಾಣದಲ್ಲಿ ಜಾರಿಯಾಯಿತು. ಆ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿಯಾಯಿತು. ಆದ್ದರಿಂದ ಕಟ್ಟಾಯ, ಹೊಳೆನರಸೀಪುರ ಅಥವಾ ಅರಕಲಗೂಡಿನ ಕುಟುಂಬವೊಂದು ಇಂದು ಮನೋವೈದ್ಯರನ್ನು ಕಾಣಲು ಬೆಂಗಳೂರಿಗೇ ಹೋಗಬೇಕಾಗಿಲ್ಲ. ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿಯೇ ಕಾಣಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಮನೆಯಿಂದಲೇ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿ ಮಾತನಾಡಬಹುದು. ಆಲೂಗಡ್ಡೆಗೆ ಅಂಗಮಾರಿ ತಗುಲಿ ಸಾಲ ಉಳಿದ ವರ್ಷ ಮನೆಯ ಯಜಮಾನರಿಗೆ ಎದೆನೋವು ಬಂದರೆ, ಮೊದಲು ಹೃದಯದ ಪರೀಕ್ಷೆ ಆಗಲೇಬೇಕು. ಅದು ಸರಿಯಿದ್ದರೂ ನೋವು ನಿಲ್ಲದಿದ್ದಾಗ ಮುಂದಿನ ಬಾಗಿಲನ್ನು ತಟ್ಟಲು ನಾಚಬಾರದು.

ದುಆ ಮತ್ತು ಕುರ್‌ಆನ್ ಪಾರಾಯಣ ವಿಶ್ವಾಸಿಯ ಆಸರೆಯಾಗಿವೆ. ಅವು ಚಿಕಿತ್ಸೆಗೆ ವಿರುದ್ಧವಲ್ಲ. ಚಿಕಿತ್ಸೆ ಪಡೆಯಿರಿ, ಅಲ್ಲಾಹನು ಮದ್ದಿಲ್ಲದ ರೋಗವನ್ನು ಇಳಿಸಿಲ್ಲ ಎಂಬುದು ಪ್ರವಾದಿ(ಸ)ರ ಬೋಧನೆ. ಆದರೆ ರೋಗಿಯನ್ನು ಹೊಡೆಯುವ, ಹೊಗೆ ಹಾಕುವ, ಔಷಧಿ ನಿಲ್ಲಿಸುವ ಆಮಿಲರ ಬಳಿಗೆ ಕರೆದೊಯ್ಯುವುದು ಈ ಬೋಧನೆಗೆ ವಿರುದ್ಧವಾದುದು. ಮನೆಯಲ್ಲಿ ಮರಣವಾದಾಗ ಹಝ್ರತ್ ಆಯಿಶಾ(ರ)ರು ಜವೆಹಿಟ್ಟಿನ ತಲ್ಬೀನ ಎಂಬ ಗಂಜಿ ಮಾಡಿಸುತ್ತಿದ್ದರು. ಅದು ರೋಗಿಯ ಹೃದಯಕ್ಕೆ ಸಾಂತ್ವನ ನೀಡಿ ದುಃಖವನ್ನು ಕೊಂಚ ಕಡಿಮೆ ಮಾಡುತ್ತದೆಂದು ಪ್ರವಾದಿ(ಸ)ರಿಂದ ಕೇಳಿದ್ದಾಗಿ ಅವರು ತಿಳಿಸಿದ್ದಾರೆ. ದುಃಖಿತರ ದೇಹಕ್ಕೂ ಆರೈಕೆ ಬೇಕೆಂಬುದು ಈ ಸುನ್ನತ್‌ನ ಪಾಠ.

ಆದ್ದರಿಂದ ಮನೆಯಲ್ಲಿ ಯಾರಾದರೂ ಬಿಡದ ನೋವನ್ನು ಹೇಳಿಕೊಂಡರೆ ಮೂರು ಕೆಲಸಗಳನ್ನು ಮಾಡೋಣ. ಮೊದಲು ನಂಬೋಣ. ನಂಬಿಗಸ್ತ ವೈದ್ಯರೊಬ್ಬರಿಗೆ ತೋರಿಸೋಣ. ಊರೂರು ಅಲೆದು ಅದೇ ಪರೀಕ್ಷೆಗಳನ್ನು ಮತ್ತೆ ಮತ್ತೆ ಮಾಡಿಸದಿರೋಣ. ಕೊನೆಯದಾಗಿ, "ಎಲ್ಲಿ ನೋಯುತ್ತಿದೆ?" ಎಂದು ಕೇಳಿದ ಬಳಿಕ, "ಏನು ಕಾಡುತ್ತಿದೆ?" ಎಂದೂ ಕೇಳಿ, ಉತ್ತರ ಬರುವವರೆಗೆ ಪಕ್ಕದಲ್ಲಿ ಕುಳಿತಿರೋಣ. ನೊಂದವರ ಮಾತಿಗೆ ಕಿವಿಯಾಗುವ ಕರುಣೆಯನ್ನು ಅಲ್ಲಾಹನು ನಮ್ಮೆಲ್ಲರ ಮನೆಗಳಿಗೂ ಕರುಣಿಸಲಿ. ಆಮೀನ್.