ನಾಕ್ ಆದವನನ್ನು ಎಬ್ಬಿಸೋರು ಯಾರು?

ಮೊನ್ನೆ ಊರಿಗೆ, ಅಂದ್ರೆ ಶಹಾಪುರ ತಾಲ್ಲೂಕಿನ ಶಿರವಾಳಕ್ಕೆ ಹೋದಾಗ ಟ್ರಂಕಿನಲ್ಲಿ ನನ್ನ ಹಳೇ ಮೊಬೈಲ್ ಸಿಕ್ತು. ಚಾರ್ಜ್ ಹಾಕಿ ನೋಡಿದ್ರೆ ಪಬ್‌ಜಿ ಐಕಾನ್ ಇನ್ನೂ ಅಲ್ಲೇ ಇತ್ತು! ಒಂದು ಕಾಲಕ್ಕೆ ಊಟ ಮರೆತು ಆಡಿದ ಆಟ. ಯಾಕೆ ಆಡಿದ್ವಿ, ಯಾಕೆ ಬಿಟ್ವಿ?

ಹಲವರು ಕೂಡಿ ಆಡೋ ಕಂಪ್ಯೂಟರ್ ಆಟ ಹೊಸದೇನಲ್ಲ. 1978ರಲ್ಲೇ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಎಂಬ ವಿದ್ಯಾರ್ಥಿ 'ಮಡ್' ಅನ್ನೋ ಆಟ ಶುರು ಮಾಡಿದ. ಚಿತ್ರ ಇಲ್ಲ, ಬರೀ ಅಕ್ಷರ. ಅದನ್ನು ಮುಂದುವರಿಸಿದ ರಿಚರ್ಡ್ ಬಾರ್ಟಲ್ 1996ರಲ್ಲಿ ಆಟಗಾರರನ್ನು ನಾಲ್ಕು ಬಗೆ ಮಾಡಿದ: ಸಾಧಿಸೋರು, ಹುಡುಕಾಡೋರು, ಗೆಳೆತನಕ್ಕೆ ಬರೋರು, ಬೇರೆಯವರನ್ನು ಕಾಡೋಕೆ ಬರೋರು. ನಾವೆಲ್ಲ ಮೊದಲನೇ ಬಗೆ ಅಂದ್ಕೊಂಡಿದ್ದೆ...

2016ರಲ್ಲಿ ಜಿಯೋ ಬಂದು ಡೇಟಾ ಅಗ್ಗ ಆಯ್ತು. 2018ರಲ್ಲಿ ಪಬ್‌ಜಿ ಮೊಬೈಲ್ ಬಂತು. ನೂರು ಜನ ಇಳೀತಾರೆ, ಕೊನೆಗೆ ಉಳಿದ ತಂಡ ಗೆಲ್ಲುತ್ತೆ. ತಂಡಕ್ಕೆ ನಾಲ್ವರು, ನಮ್ಮ ಕಟ್ಟೆ ಮೇಲಿನ ಚೌಕಾಬಾರದ ಹಾಗೆ! ಗುಂಡು ತಿಂದು ಬಿದ್ದವನ ಹತ್ತಿರ ತಂಡದವನೊಬ್ಬ ಬಂದು 10 ಸೆಕೆಂಡ್ ಕೂತರೆ ಅವನು ಮತ್ತೆ ಏಳ್ತಾನೆ. ಆ ಹತ್ತು ಸೆಕೆಂಡಿನಲ್ಲಿ ಎಬ್ಬಿಸೋನಿಗೂ ಗುಂಡು ಬೀಳಬಹುದು. ಆದ್ರೂ ಬರ್ತಿದ್ರು.

2020ರ ಲಾಕ್‌ಡೌನ್‌ನಲ್ಲಿ ನಾನು ಊರಲ್ಲಿದ್ದೆ. ಸಿಗ್ನಲ್‌ಗಾಗಿ ರಾತ್ರಿ ಮಾಳಿಗೆ ಮೇಲೆ ಹೋಗಿ ಆಡ್ತಿದ್ದೆ. ನಮ್ಮಲ್ಲೊಬ್ಬನ ಕೆಲಸ ಹೋಗಿತ್ತು. ಫೋನ್ ಮಾಡಿ ಹೇಳಲಾಗದ್ದನ್ನು ಅವನು ಆಟದ ನಡುವೆ ಮೈಕಿನಲ್ಲಿ ಹೇಳಿದ. ಯಾರೂ ಸಮಾಧಾನ ಹೇಳಲಿಲ್ಲ. ಮರುದಿನವೂ ಹತ್ತು ಗಂಟೆಗೆ ನಾಲ್ವರೂ ಬಂದ್ವಿ, ಅಷ್ಟೇ.

ಸೆಪ್ಟೆಂಬರ್ 2ರಂದು ಸರ್ಕಾರ 118 ಆ್ಯಪ್‌ಗಳನ್ನು ನಿಷೇಧಿಸಿತು. ಅಕ್ಟೋಬರ್ 30ಕ್ಕೆ ಸರ್ವರ್ ಕೂಡ ಬಂದ್! 2021ರ ಜುಲೈ 2ರಂದು ಅದೇ ಆಟ ಬಿಜಿಎಂಐ ಹೆಸರಲ್ಲಿ ಮರಳಿತು. ಹಳೇ ಲೆವೆಲ್, ಬಟ್ಟೆಬರೆ ಎಲ್ಲ ವರ್ಗಾಯಿಸಿಕೊಳ್ಳೋಕೆ ಅವಕಾಶ ಇತ್ತು. ಆದ್ರೆ ಅಷ್ಟೊತ್ತಿಗೆ ಒಬ್ಬನದು ರಾತ್ರಿ ಪಾಳಿ, ಒಬ್ಬನಿಗೆ ಮದುವೆ, ಕೆಲಸ ಕಳ್ಕೊಂಡವನಿಗೆ ಪುಣೆಯಲ್ಲಿ ಹೊಸ ಕೆಲಸ. ನಾನೊಬ್ಬನೇ ಅಪರಿಚಿತರ ಜೊತೆ ಇಳಿದೆ. ಬಿದ್ದಾಗ ತಂಡದವನೊಬ್ಬ ಓಡಿ ಬಂದ... ನನ್ನ ಗನ್ ಎತ್ಕೊಂಡು ಹೋದ! ಅವತ್ತೇ ಅನ್‌ಇನ್‌ಸ್ಟಾಲ್ ಮಾಡಿದೆ. 2022ರಲ್ಲಿ ಬಿಜಿಎಂಐ ಕೂಡ ಸ್ಟೋರ್‌ನಿಂದ ಹೋಯ್ತು, 2023ರಲ್ಲಿ ಮತ್ತೆ ಬಂತು. ನನಗೇನೂ ಅನಿಸಲಿಲ್ಲ. ಬಾರ್ಟಲ್ ಹೇಳಿದ ಮೂರನೇ ಬಗೆಯವರು ನಾವು ಅಂತ ಆಗ ತಿಳೀತು.

ಹಳೇ ಮೊಬೈಲ್ ಕೈಯಲ್ಲಿ ಹಿಡಿದೇ ಪುಣೆಯವನಿಗೆ ಫೋನ್ ಹಚ್ಚಿದೆ. "ಲೇ, ಒಂದು ಮ್ಯಾಚ್ ಆಡಮೇನು?" ಅಂದೆ.

"ಸಣ್ಣಗ ಮಾತಾಡಲೇ, ಮಗಳು ಮಲಗ್ಯಾಳ" ಅಂದ. ಆಮೇಲೆ ಒಂದು ತಾಸು ಮಾತಾಡಿದ್ವಿ.

ನೀವು ಯಾವ ಆಟ ಬಿಟ್ರಿ? ನಿಮ್ಮ ಆ ಮೂವರು ಈಗ ಎಲ್ಲಿದಾರೆ?