ಕೂಡುವ ಧೂಳು, ಹೊಡೆಯುವ ಧೂಳು

ಧೂಳಿಗೆ ನಮ್ಮಲ್ಲಿ ಕೆಲಸ ಬಹಳ. ಏಳುತ್ತದೆ, ಹಾರುತ್ತದೆ, ಕೂಡುತ್ತದೆ. ಕಚೇರಿಯ ಕಡತ ಧೂಳು ತಿನ್ನುತ್ತದೆ, ಗೆದ್ದ ಸಿನಿಮಾ ಧೂಳೆಬ್ಬಿಸುತ್ತದೆ, ಬಿದ್ದವನು ಧೂಳು ಕೊಡವಿಕೊಂಡು ಏಳುತ್ತಾನೆ. ಸಂಸ್ಕೃತದ ಧೂಲಿಯಿಂದ ಬಂದ ಪದ ಗೋಧೂಳಿಯಲ್ಲಿ ಶುಭ ಮುಹೂರ್ತ, ಪಾದಧೂಳಿಯಲ್ಲಿ ಭಕ್ತಿ, ಧೂಳೀಪಟದಲ್ಲಿ ಸರ್ವನಾಶ. ಬಳ್ಳಾರಿಯಲ್ಲಿ ತೆಲುಗಿನವರು ದುಮ್ಮು ಎನ್ನುತ್ತಾರೆ, ಉರ್ದುವಿನವರು ಧೂಲ್. ಒಂದೇ ಓಣಿಯಲ್ಲಿ ಮೂರೂ ಕಿವಿಗೆ ಬೀಳುತ್ತವೆ.

ಇದೇ ಊರಲ್ಲಿ ಈ ಪದ ಒಮ್ಮೆ ದುಡ್ಡನ್ನೂ ಕಂಡಿತು. ಗಟ್ಟಿ ಅದಿರಿಗೆ ಮಾತ್ರ ಬೆಲೆಯಿದ್ದು, ಪುಡಿಯನ್ನು ಗಣಿಯ ಮಗ್ಗುಲಲ್ಲೇ ಗುಡ್ಡೆ ಹಾಕಿಬಿಡುತ್ತಿದ್ದ ಕಾಲವಿತ್ತು. 2000ದ ನಂತರ ಚೀನಾಕ್ಕೆ ಉಕ್ಕು ಸಾಲದೆ ಬಂದಾಗ ಆ ಪುಡಿಗೂ ಗಿರಾಕಿ ಹುಟ್ಟಿದರು. ಲಾರಿಗಳು ಓಡಾಡಿದ ದಾರಿಯ ಬೇವಿನ ಎಲೆ, ಗೋಡೆ, ಒಣಹಾಕಿದ ಬಟ್ಟೆ ಎಲ್ಲ ಕೆಂಪಾದವು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಮುಂದೆ ಕಟ್ಟುಪಾಡಿನೊಡನೆ ಮತ್ತೆ ಶುರುವಾಯಿತು. ಆ ವರ್ಷಗಳಲ್ಲಿ ಧೂಳೆಂದರೆ ಕೆಲವರಿಗೆ ಬಂಗಲೆ, ದಾರಿಬದಿಯವರಿಗೆ ಕೆಮ್ಮು.

ಮನೆ ಒರೆಸಿದ ಬಟ್ಟೆ ಹಿಂಡಿದರೆ ಊರು ತಿಳಿಯುತ್ತದೆ. ಬಳ್ಳಾರಿಯ ನೀರು ಕೆಂಪು. ತುಂಗಭದ್ರೆಯ ಕಾಲುವೆಯಲ್ಲಿ ಭತ್ತ ಬೆಳೆಯುವ ಸಿರುಗುಪ್ಪದಲ್ಲಿ ರೈಸ್‌ಮಿಲ್ಲಿನ ಉಮಿಯ ಪುಡಿ, ತೌಡು ಸೇರಿ ನೀರು ಮಾಸಲು ಹಳದಿ. ಕುರುಗೋಡಿನಲ್ಲಿ ಎರೆಹೊಲದ ಕಪ್ಪು. ಆಷಾಢದ ಗಾಳಿಗೆ ಅದು ಮುಚ್ಚಿದ ಬಾಗಿಲ ಸಂದಿಯಲ್ಲೂ ನುಗ್ಗಿ ಹಾಸಿಗೆಯ ಮೇಲೆ ಕೂಡುತ್ತದೆ.

ಹಳೆಯ ಮನೆಯಲ್ಲಾದರೆ ಹೊರಗಿನ ಗಾಳಿಯನ್ನಷ್ಟೇ ಬೈದು ಪ್ರಯೋಜನವಿಲ್ಲ. ನಮ್ಮ ಮಾಳಿಗೆ ಮನೆಗಳ ತಲೆಯ ಮೇಲೆಯೇ ಮಣ್ಣಿದೆ. ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಸೊಪ್ಪುಸದೆ, ಮಣ್ಣು, ಮಳೆಗೆ ಸೋರದಂತೆ ಸವಳು ಮಣ್ಣು. ಸೊಪ್ಪುಸದೆ ಒಣಗಿ ಮುರಿದಲ್ಲಿ ಜಂತಿಗಳ ನಡುವಿನಿಂದ ಮಣ್ಣು ಉದುರುತ್ತದೆ. ಮೇಲೆ ಯಾರಾದರೂ ನಡೆದರೆ ಕೆಳಗೆ ಉಣ್ಣುತ್ತಿರುವವರ ತಟ್ಟೆಗೇ ಬೀಳುತ್ತದೆ. ಗೆದ್ದಲು ಹಿಡಿದ ಜಂತಿಯಾದರೆ ಅದರ ಪುಡಿಯೂ ಜೊತೆಗೆ. ಹಿಂದಿನವರು ಜಂತಿಯ ಕೆಳಗೆ ದಪ್ಪ ಬಟ್ಟೆ ಬಿಗಿದು ಕಟ್ಟುತ್ತಿದ್ದರು. ಈಗಲೂ ಅದು ಒಳ್ಳೆಯ ಉಪಾಯ. ವರ್ಷಕ್ಕೊಮ್ಮೆ ಬಿಚ್ಚಿ ಒಗೆಯಬೇಕು ಅಷ್ಟೆ. ಗವಾಕ್ಷಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿದರೆ ಬೆಳಕಿಗೆ ಅಡ್ಡಿಯಿಲ್ಲ.

ಗೋಡೆಯ ವಿಷಯದಲ್ಲಿ ನನಗೆ ಸಿಟ್ಟಿದೆ. ಮಣ್ಣು, ಗಾರೆಯ ಗೋಡೆಗೆ ಚೆಂದ ಕಾಣಲೆಂದು ಪ್ಲಾಸ್ಟಿಕ್ ಪೇಂಟ್ ಬಳಿಯುತ್ತಾರೆ. ನೆಲದಿಂದ ಏರಿದ ತೇವ ಆರಲು ದಾರಿ ಕಾಣದೆ ಪೇಂಟಿನ ಹಿಂದೆ ಉಪ್ಪು ಕಟ್ಟಿ ಗಾರೆಯನ್ನು ಪುಡಿ ಮಾಡುತ್ತದೆ. ಗೋಡೆ ಹೆಕ್ಕಳ ಹೆಕ್ಕಳವಾಗಿ ಎದ್ದು ಮನೆಯೇ ಧೂಳು ಹೆರತೊಡಗುತ್ತದೆ. ಸುಣ್ಣದ ಗೋಡೆಗೆ ಸುಣ್ಣವೇ ಸರಿ. ತೇವ ಅದರೊಳಗಿಂದ ಹೊರಬಂದು ಆರುತ್ತದೆ.

ಇನ್ನು ಗುಡಿಸುವ ಮಾತು. ಹಬ್ಬ ಬಂದರೆ "ಧೂಳು ಹೊಡೀಬೇಕು" ಎನ್ನುತ್ತೇವೆ, ಹೊಡೆದೂ ಹೊಡೆಯುತ್ತೇವೆ: ಒಣ ಪೊರಕೆಯಿಂದ ಜಂತಿಗೆ, ಕೋಲಿನಿಂದ ಕೌದಿಗೆ. ಹೊಡೆಸಿಕೊಂಡ ಧೂಳು ಎದ್ದು, ಕಣ್ಣಿಗೆ ಕಾಣದಷ್ಟು ಸಣ್ಣದು ಗಂಟೆಗಟ್ಟಲೆ ಗಾಳಿಯಲ್ಲಿದ್ದು, ಪುನಃ ಕೂಡುತ್ತದೆ. ಆದರೆ ಬೆಳಿಗ್ಗೆ ಅಂಗಳಕ್ಕೆ ಥಳಿ ಹೊಡೆಯುತ್ತೇವಲ್ಲ, ಅಲ್ಲಿ ಇದೇ ಹೊಡೆಯುವುದಕ್ಕೆ ನೀರಿನ ಜೊತೆಯಿದೆ. ಆ ಜಾಣತನ ಒಳಗೂ ಬರಲಿ. ಫ್ಯಾನ್ ನಿಲ್ಲಿಸಿ, ಜಂತಿಯಿಂದ ಕೆಳಗಿಳಿಯುತ್ತ ಒದ್ದೆ ಬಟ್ಟೆ ಸುತ್ತಿದ ಕೋಲಿನಲ್ಲಿ ಒರೆಸಿ. ಬಟ್ಟೆಯನ್ನು ಆಗಾಗ ಹಿಂಡಿ, ನೀರು ಬದಲಿಸಿ. ಕೌದಿಯನ್ನು ಓಣಿಯ ಬಿಸಿಲಿಗೆ ಒಯ್ಯಿರಿ, ಪಡಸಾಲೆಯಲ್ಲಿ ಕೊಡವಬೇಡಿ. ಹೊಸ್ತಿಲ ಹೊರಗೆ ಒದ್ದೆ ಗೋಣಿತಾಟು ಹಾಸಿ.

ಈ ಕೆಲಸ ಬಹುಪಾಲು ಮನೆಗಳಲ್ಲಿ ಹೆಂಗಸರದ್ದೇ, ಮೂಗಿಗೆ ಸೆರಗಷ್ಟೇ ಅಡ್ಡ. ಹಬ್ಬದ ಸಾಮಾನಿನ ಚೀಟಿಯಲ್ಲಿ ಅವರಿಗೊಂದು ಒಳ್ಳೆಯ ಮಾಸ್ಕ್ ಬರೆಯಿರಿ. ಉಬ್ಬಸವಿದ್ದವರನ್ನು, ಮಕ್ಕಳನ್ನು ಅಂದು ಮಧ್ಯಾಹ್ನದವರೆಗೆ ಪಕ್ಕದ ಮನೆಗೆ ಕಳಿಸಿ. ಎದ್ದದ್ದೆಲ್ಲ ಕೂತ ಮೇಲೆ ನೆಲವನ್ನು ಇನ್ನೊಮ್ಮೆ ಒರೆಸಿ, ಆಮೇಲೆ ಕರೆಯಿರಿ.